ಮರ್ಸಿಡಿಸ್ 220 ಎಸ್ ಪಾಂಟನ್: ಬಿಸಿಯಾದ ಮೇಲೆ ಐಡ್ಲಿಂಗ್ ಸ್ಥಿರವಾಗಿ ನಿಲ್ಲುತ್ತಿಲ್ಲ

ಪ್ರಶ್ನೆ: 1957ರ ಮಾಡೆಲ್, 2195 ಸಿಸಿ, ಎರಡು ಸೋಲೆಕ್ಸ್ ಕಾರ್ಬೊರೇಟರ್. ತಣ್ಣಗಿದ್ದಾಗ ಸರಿ, ಬಿಸಿಯಾದರೆ ಐಡ್ಲಿಂಗ್ ಏರಿಳಿದು ಆಫ್ ಆಗುತ್ತೆ. ಪ್ಲಗ್, ಪಾಯಿಂಟ್ ಹೊಸದು. ಕಾರ್ಬೊರೇಟರ್ ಬಿಚ್ಚಲೇಬೇಕಾ?

ಉತ್ತರ 1: ಈಗಲೇ ಬೇಡ. ಗಾಡಿ ನಿಂತಲ್ಲೇ ಬ್ರೇಕ್ ಬೂಸ್ಟರ್ (ಎಂಜಿನ್ ಎಳೆತದಿಂದ ಬ್ರೇಕ್‌ಗೆ ಬಲ ಕೊಡೋ ಭಾಗ) ಹೋಸನ್ನು ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಹೋಗೋ ಕೊಳವೆ) ಕಡೆ ಕಳಚಿ, ಆ ಬಾಯಿಗೆ ಬಿರಡೆ ಹಾಕಿ. ಐಡ್ಲಿಂಗ್ ಸರಿಹೋಯ್ತಾ? ಹಾಗಾದರೆ ಗಾಳಿ ಸೋರುತ್ತಿರೋದು ಹೋಸ್ ಅಥವಾ ಬೂಸ್ಟರ್‌ನಲ್ಲಿ. ಹೋಸ್ ಒಳಗೆ ಬ್ರೇಕ್ ಆಯಿಲ್ ಪಸೆ ಇದ್ದರೆ ಬೂಸ್ಟರ್ ಸೀಲ್ ಹೋಗಿದೆ, ಎಂಜಿನ್ ಆ ಆಯಿಲ್ ಎಳೆದು ಸುಡುತ್ತಿದೆ. ಸರಿಮಾಡದೆ ರಸ್ತೆಗಿಳಿಸಬೇಡಿ.

ಉತ್ತರ 2: ಬೂಸ್ಟರ್ ಸರಿ ಇದ್ದರೆ ಕಾರ್ಬೊರೇಟರ್ ಬುಡದ ಫ್ಲಾಂಜ್ (ಮ್ಯಾನಿಫೋಲ್ಡ್ ಮೇಲೆ ಕೂರೋ ಚಪ್ಪಟೆ ಅಂಚು) ನೋಡಿ. ನಟ್ ಅತಿಯಾಗಿ ಬಿಗಿದರೆ ಫ್ಲಾಂಜ್ ಸೊಟ್ಟಗಾಗುತ್ತೆ, ಬೋಲ್ಟ್ ಕಿವಿಗಳು ಕೆಳಗೆ ಬಾಗಿ ನಡುವೆ ಸಂದಿ ಬೀಳುತ್ತೆ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟಾಗ ನಡುವೆ ಫೀಲರ್ (ಸಂದಿ ಅಳೆಯೋ ತೆಳು ಪಟ್ಟಿ) ತೂರಿದರೆ ಸೋರಿಕೆ ಇರಬಹುದು. ದಪ್ಪ ಗಾಜಿನ ಮೇಲೆ 320 ನಂಬರ್ ಎಮರಿ ಇಟ್ಟು, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ. ಗ್ಯಾಸ್ಕೆಟ್ ಹೊಸದೇ ಇರಲಿ. ಸೀಲೆಂಟ್ ಬಳಿಯೋದು ಕಳ್ಳ ರಿಪೇರಿ!

ಉತ್ತರ 3: ಥ್ರಾಟಲ್ ಶಾಫ್ಟ್ (ಕಾರ್ಬೊರೇಟರ್‌ನ ಗಾಳಿ ಬಾಗಿಲು ತಿರುಗೋ ಕಡ್ಡಿ) ಅಲ್ಲಾಡಿಸಿ ನೋಡಿ, ಲೊಡಲೊಡ ಅಂದರೆ ಬುಷ್ ಹಾಕಿಸದೆ ಟ್ಯೂನಿಂಗ್ ವ್ಯರ್ಥ. ಆಮೇಲೆ ಎರಡೂ ಕಾರ್ಬೊರೇಟರ್ ಜೋಡಿಸೋ ಲಿಂಕ್ ರಾಡ್ ಕಳಚಿ, ಮಿಕ್ಸ್ಚರ್ ಸ್ಕ್ರೂಗಳನ್ನು (ಐಡ್ಲಿಂಗ್‌ನ ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸೋವು) ಮೆಲ್ಲಗೆ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಡಿ. ಎರಡೂ ಕಾರ್ಬೊರೇಟರ್ ಎಳೆಯೋ ಗಾಳಿಯನ್ನು ಬ್ಯಾಲೆನ್ಸ್ ಮೀಟರ್‌ನಲ್ಲಿ ಸಮ ಮಾಡಿ. ರಾಡ್ ಉದ್ದ ಹೊಂದಿಸೋದು ಕೊನೆಗೆ. ಅದು ತಾನಾಗಿ ಬಾಲ್ ಮೇಲೆ ಕೂರಬೇಕು. ಒತ್ತಿ ಕೂರಿಸಿದರೆ ಒಂದು ಥ್ರಾಟಲ್ ತೆರೆದೇ ಉಳಿಯುತ್ತೆ.