ಪಟ್ರೋಲ್ ನಾಯಕನಿಗೆ ನಿಜವಾದ ಹೊಣೆ ಕೊಡುವುದು ಹೇಗೆ?

ಪ್ರೌಢಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಾನಗಲ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದು, ಕಳೆದ ವರ್ಷ ಸ್ಕೌಟ್ ಮಾಸ್ಟರ್‌ಗಳ ಬೇಸಿಕ್ ಕೋರ್ಸ್ ಮುಗಿಸಿ ಬಂದು ಶಾಲೆಯ ದಳವನ್ನು ವಹಿಸಿಕೊಂಡಿದ್ದೇನೆ. ದಳದಲ್ಲಿ 24 ಹುಡುಗರಿದ್ದಾರೆ. ಹುಲಿ, ಆನೆ, ಹದ್ದು ಎಂದು ಮೂರು ಪಟ್ರೋಲ್‌ಗಳು, ಅಂದರೆ ಚಿಕ್ಕ ಗುಂಪುಗಳು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದೂವರೆ ತಾಸು ಸೇರುತ್ತೇವೆ. ಧ್ವಜಾರೋಹಣ, ಪ್ರಾರ್ಥನೆ, ಹಾಜರಿ ಆದ ಮೇಲೆ ನಾನು ಕರಿಹಲಗೆಯ ಮುಂದೆ ನಿಂತು ಗಂಟುಗಳ ಚಿತ್ರ ಬರೆಯುತ್ತೇನೆ, ಹುಡುಗರು ಅದನ್ನು ಲಾಗ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ.

ಸ್ಕೌಟ್ ತರಬೇತಿಯ ಹಂತಗಳಲ್ಲಿ ಒಂದಾದ ಪ್ರಥಮ ಸೋಪಾನದ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದಾಗ ನನಗೆ ಆಘಾತವಾಯಿತು. ಕ್ಲೋವ್ ಹಿಚ್ ಎಂಬ ಗಂಟಿನ ಉಪಯೋಗಗಳನ್ನು ತಪ್ಪಿಲ್ಲದೆ ಹೇಳಿದ ಹುಡುಗನ ಕೈಗೆ ಹಗ್ಗ ಕೊಟ್ಟು ಬಿದಿರಿನ ಗಳಕ್ಕೆ ಕಟ್ಟಲು ಹೇಳಿದರೆ ಅವನಿಗೆ ಕಟ್ಟಲು ಬರಲಿಲ್ಲ. ಅವನೇ ಹುಲಿ ಪಟ್ರೋಲಿನ ನಾಯಕ. ತರಗತಿಯಲ್ಲಿ ಹೆಚ್ಚು ಅಂಕ ಪಡೆಯುತ್ತಾನೆಂದು ನಾನೇ ಆರಿಸಿದ್ದೆ. ಸಾಲು ನಿಲ್ಲಿಸಿ ಎಣಿಕೆ ಒಪ್ಪಿಸುವುದನ್ನು ಬಿಟ್ಟರೆ ನಾಯಕರಿಗೆ ಬೇರೆ ಕೆಲಸವನ್ನು ನಾನು ಕೊಟ್ಟೇ ಇಲ್ಲ ಎಂಬುದು ಆ ದಿನ ಅರಿವಾಯಿತು. ನಾಯಕನನ್ನು ಆರಿಸುವ ಸರಿಯಾದ ಕ್ರಮ ಯಾವುದು, ಅವನ ಕೈಗೆ ಯಾವ ಕೆಲಸ ಕೊಡಬೇಕು, ಹಾಗೆ ಬಿಟ್ಟುಕೊಟ್ಟರೆ ಸೋಪಾನಗಳ ಪಾಠ ಹಿಂದೆ ಬೀಳುವುದಿಲ್ಲವೇ ಎಂದು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಸ್ಕೌಟ್ ಮಾಸ್ಟರ್, ದಾವಣಗೆರೆ

ಗುರುಗಳೇ, ತೊಡಕು ಇರುವುದು ಕರಿಹಲಗೆಯಲ್ಲಿ. 24 ಹುಡುಗರೂ ನೇರವಾಗಿ ನಿಮ್ಮಿಂದಲೇ ಕಲಿಯುತ್ತಿರುವವರೆಗೆ ನಡುವೆ ನಿಂತ ಮೂವರು ನಾಯಕರಿಗೆ ಮಾಡಲು ಏನೂ ಉಳಿಯುವುದಿಲ್ಲ. ನಾನೂ ಮೊದಲ ನಾಲ್ಕು ವರ್ಷ ಹೀಗೆಯೇ ನಡೆಸಿದವನು. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದಾಗ ಅವರನ್ನು ನಾಲ್ಕು ಪಟ್ರೋಲ್‌ಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ದೊಡ್ಡ ಹುಡುಗನನ್ನು ನಾಯಕನನ್ನಾಗಿ ಮಾಡಿ, ಪಟ್ರೋಲಿನ ನಡವಳಿಕೆಗೆ ಅವನನ್ನೇ ಹೊಣೆಯಾಗಿಸಿದ್ದರು. ಪಟ್ರೋಲ್ ಮೊದಲು ಹುಟ್ಟಿತು, ದಳವೆಂಬುದು ಆಮೇಲೆ ಬಂದಿತು.

ಹೀಗೆ ಮಾಡಿ ನೋಡಿ. ಗುರುವಾರ ಸಂಜೆ ಅರ್ಧ ತಾಸು ಮೂವರು ನಾಯಕರನ್ನಷ್ಟೇ ಕರೆಯಿರಿ. ಶನಿವಾರ ಸ್ಕ್ವೇರ್ ಲ್ಯಾಷಿಂಗ್, ಅಂದರೆ ಎರಡು ಗಳಗಳನ್ನು ಅಡ್ಡಡ್ಡ ಇಟ್ಟು ಹಗ್ಗದಿಂದ ಬಿಗಿಯುವುದನ್ನು, ಕಲಿಸಬೇಕಿದ್ದರೆ ಗುರುವಾರವೇ ಅವರ ಕೈಯಲ್ಲಿ ಗಳ ಮತ್ತು ಹಗ್ಗ ಕೊಟ್ಟು, ಬಿಗಿಯಾಗಿ ಬರುವವರೆಗೆ ಕಟ್ಟಿಸಿ. ಶನಿವಾರ ಮೈದಾನದ ಮೂರು ಮೂಲೆಗಳಲ್ಲಿ ಮೂವರೂ ತಮ್ಮ ತಮ್ಮ ಪಟ್ರೋಲಿಗೆ ಕಲಿಸಲಿ; ನೀವು ಸುತ್ತಾಡುತ್ತ ನೋಡಿ, ಕರೆದ ಹೊರತು ಹತ್ತಿರ ಹೋಗಬೇಡಿ. ಮೊದಲ ಮೂರು ನಾಲ್ಕು ಶನಿವಾರ ಗದ್ದಲವಾಗುತ್ತದೆ, ಅರ್ಧ ಗಂಟುಗಳು ಸಡಿಲಾಗಿರುತ್ತವೆ, ಮುಖ್ಯೋಪಾಧ್ಯಾಯರು ಬಂದು ಏನಿದು ಎಂದು ಕೇಳಲೂಬಹುದು. ಅದನ್ನು ಸಹಿಸಬೇಕು.

ನಾಯಕನ ಆಯ್ಕೆಗೆ ಅಂಕಪಟ್ಟಿಯನ್ನು ನೋಡಬೇಡಿ. ನನ್ನ ದಳದಲ್ಲಿ ಓದಿನಲ್ಲಿ ತುಂಬ ಹಿಂದಿದ್ದ ಒಬ್ಬ ಹುಡುಗನಿದ್ದ. ಮನೆಯಲ್ಲಿ ನಾಲ್ಕು ಎತ್ತು. ಕರುವಿಗೆ ಕಣ್ಣಿ ಕಟ್ಟುವುದು, ಹುಲ್ಲಿನ ಗಾಡಿಗೆ ಹಗ್ಗ ಹಾಕಿ ಬಿಗಿಯುವುದು ಅವನಿಗೆ ಚಿಕ್ಕಂದಿನಿಂದ ಬಂದ ಕೆಲಸ. ನಾನು ಕಲಿಸುತ್ತಿದ್ದ ಗಂಟುಗಳಲ್ಲಿ ಮೂರನ್ನು ಅವನು ಆಗಲೇ ಬಲ್ಲವನಾಗಿದ್ದ, ಅವುಗಳ ಇಂಗ್ಲಿಷ್ ಹೆಸರು ಮಾತ್ರ ಅವನಿಗೆ ಹೊಸದು. ಒಂದು ಶಿಬಿರದಲ್ಲಿ ನಡುರಾತ್ರಿ ಗಾಳಿಗೆ ಡೇರೆ ಕುಸಿದಾಗ ಉಳಿದ ಹುಡುಗರೆಲ್ಲ ನಾನು ನೇಮಿಸಿದ ನಾಯಕನನ್ನು ಬಿಟ್ಟು ಇವನ ಹೆಸರು ಹಿಡಿದು ಕೂಗಿದರು. ಮರುದಿನವೇ ಪಟ್ರೋಲ್ ಕೌನ್ಸಿಲ್ ಸೇರಿಸಿ ಹುಡುಗರನ್ನೇ ಕೇಳಿದೆ; ಅವರು ಅವನನ್ನೇ ಆರಿಸಿದರು. ಮೊದಲಿನ ನಾಯಕ ಬರವಣಿಗೆಯಲ್ಲಿ ಜಾಣನಾಗಿದ್ದರಿಂದ ಲೆಕ್ಕ ಮತ್ತು ನಡಾವಳಿ ಬರೆಯುವ ಕೆಲಸ ಅವನಿಗೆ ಹೋಯಿತು, ಅದನ್ನು ಅವನು ಚೆನ್ನಾಗಿ ಮಾಡಿದ. ನಿಮ್ಮ ಹುಲಿ ಪಟ್ರೋಲಿನ ಹುಡುಗನನ್ನೂ ಎಲ್ಲರ ಮುಂದೆ ಕೆಳಗಿಳಿಸಬೇಡಿ, ಅವನಿಗೆ ಒಪ್ಪುವ ಕೆಲಸ ಹುಡುಕಿ ಕೊಡಿ.

ಕೋರ್ಟ್ ಆಫ್ ಆನರ್ ಎಂಬ ನಾಯಕರ ಸಭೆಯ ಬಗ್ಗೆ ಬೇಸಿಕ್ ಕೋರ್ಸಿನಲ್ಲಿ ಕೇಳಿರುತ್ತೀರಿ, ಆದರೆ ಬಹಳಷ್ಟು ದಳಗಳಲ್ಲಿ ಅದು ಕಡತದಲ್ಲಿ ಮಾತ್ರ ಇರುತ್ತದೆ. ಅದನ್ನು ನಿಜವಾಗಿ ನಡೆಸಿ. ನಾಯಕರು ಕುಳಿತು ಮುಂದಿನ ತಿಂಗಳ ಕಾರ್ಯಕ್ರಮ, ದಳದ ಹಣ, ಯಾರಾದರೂ ನಿಯಮ ಮೀರಿದ್ದರೆ ಅದರ ವಿಚಾರ, ಎಲ್ಲವನ್ನೂ ತೀರ್ಮಾನಿಸಲಿ. ಸ್ಕೌಟ್ ಮಾಸ್ಟರ್ ಪಕ್ಕದಲ್ಲಿ ಕುಳಿತು ಸಲಹೆ ಕೊಟ್ಟರೆ ಸಾಕು. ಹಣದ ವಿಷಯದಲ್ಲಿ ಹಿಂಜರಿಯಬೇಡಿ. ಕೊಂಡಜ್ಜಿಯ ಶಿಬಿರಕ್ಕೆ ಹೋದಾಗ ನಾನು ಒಂದು ದಿನದ ಅಡುಗೆಯ ಹಣವನ್ನು ಪ್ರತಿ ಪಟ್ರೋಲಿನ ಕೈಗೇ ಕೊಟ್ಟಿದ್ದೆ. ಒಂದು ಪಟ್ರೋಲ್ ಸೌದೆಯನ್ನು ರಾತ್ರಿ ಹೊರಗೇ ಬಿಟ್ಟಿದ್ದರಿಂದ ಅದೆಲ್ಲ ಇಬ್ಬನಿಗೆ ನೆನೆದು ಬೆಳಿಗ್ಗೆ ಒಲೆ ಹತ್ತಲಿಲ್ಲ. ಉಳಿದವರು ಎಂಟು ಗಂಟೆಗೆ ಉಪ್ಪಿಟ್ಟು ತಿಂದರೆ ಇವರಿಗೆ ಹತ್ತಾಯಿತು. ಸೀಮೆಎಣ್ಣೆ ಕೊಟ್ಟುಬಿಡೋಣ ಎಂದು ನನ್ನ ಕರುಳು ಎಳೆಯುತ್ತಿತ್ತು, ಆದರೂ ತಡೆದುಕೊಂಡೆ. ಮರುದಿನ ರಾತ್ರಿ ನೋಡಿದರೆ ಸೌದೆ ಡೇರೆಯೊಳಗೆ ಗೋಣಿಚೀಲದ ಕೆಳಗಿತ್ತು.

ಸೋಪಾನ ಹಿಂದೆ ಬೀಳುವ ಭಯ ಬೇಡ. ಒಂದು ರಾತ್ರಿಯ ಶಿಬಿರದಲ್ಲಿ ಗಂಟು, ಲ್ಯಾಷಿಂಗ್, ಒಲೆ, ಅಡುಗೆ, ದಿಕ್ಸೂಚಿ ಹಿಡಿದು ನಡೆಯುವುದು ಎಲ್ಲವೂ ಬಂದುಹೋಗುತ್ತವೆ. ಹುಡುಗ ತಾನು ಮಾಡಿದ್ದನ್ನು ಅಂದು ಸಂಜೆಯೇ ತನ್ನ ಮಾತಿನಲ್ಲಿ ಲಾಗ್ ಪುಸ್ತಕಕ್ಕೆ ಬರೆದರೆ, ಹಲಗೆಯಿಂದ ನಕಲು ಮಾಡಿದ ಹತ್ತು ಪುಟಗಳಿಗಿಂತ ಅದಕ್ಕೆ ಬೆಲೆ ಹೆಚ್ಚು.

ಒಬ್ಬ ಪೋಷಕರು, ತುಮಕೂರು

ಮಧ್ಯೆ ಕೇಳುತ್ತಿರುವುದಕ್ಕೆ ಕ್ಷಮೆ ಇರಲಿ. ನನ್ನ ಮಗ ಒಂಬತ್ತನೆಯ ತರಗತಿಯಲ್ಲಿದ್ದು ಈಗಷ್ಟೇ ಸ್ಕೌಟಿನ ಮೊದಲ ಹಂತವಾದ ಪ್ರವೇಶ ಮುಗಿಸಿದ್ದಾನೆ. ಮುಂದೆ ಸಿಇಟಿಯಲ್ಲಿ ಸ್ಕೌಟ್ಸ್ ಗೈಡ್ಸ್ ಮಕ್ಕಳಿಗೆ ಸೀಟುಗಳಿವೆ ಎಂದು ಕೇಳಿದ್ದೇವೆ. ಬೇಗ ಬೇಗ ಸೋಪಾನ ದಾಟಿಸಿ ರಾಜ್ಯ ಪುರಸ್ಕಾರ ಕೊಡಿಸಲು ಸಾಧ್ಯವೇ?

ಗೈಡ್ ಕ್ಯಾಪ್ಟನ್, ಉಡುಪಿ ಜಿಲ್ಲೆ

ತುಮಕೂರಿನವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಿಇಟಿಯ ವಿಶೇಷ ಪ್ರವರ್ಗಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಸೇರಿರುವುದು ನಿಜ, ರೈಲ್ವೆಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾದ ನೇಮಕಾತಿ ನಡೆಯುವುದೂ ನಿಜ. ತಂದೆತಾಯಿಯರು ಅದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರವೇಶದ ನಂತರ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ ಎಂಬ ಈ ಮೆಟ್ಟಿಲುಗಳ ನಡುವೆ ಇಂತಿಷ್ಟು ತಿಂಗಳು ಕೆಲಸ ಮಾಡಿರಬೇಕೆಂಬ ನಿಯಮವಿದೆ, ಆದ್ದರಿಂದ ಒಂದನ್ನು ಹಾರಿ ಇನ್ನೊಂದಕ್ಕೆ ಹೋಗಲು ಬರುವುದಿಲ್ಲ. ನಿಮ್ಮ ಮಗನಿಗೆ ಕಾಲೇಜಿನಲ್ಲೂ ಮುಂದುವರಿಯುವ ದಾರಿಯಿದೆ. ಈ ವರ್ಷವೇ ಎಲ್ಲವೂ ಆಗಬೇಕೆಂದು ಒತ್ತಾಯಿಸಬೇಡಿ. ಆರು ಅಥವಾ ಏಳನೆಯ ತರಗತಿಯಲ್ಲೇ ಸೇರಿದ ಮಕ್ಕಳಿಗೆ ಈ ಧಾವಂತವೇ ಇರುವುದಿಲ್ಲ.

ಹಾವೇರಿಯ ಸರ್, ನಿವೃತ್ತ ಗುರುಗಳ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಒಂದು ವಿಷಯದಲ್ಲಿ ಮಾತ್ರ ಸ್ವಲ್ಪ ಬೇರೆ ಹೇಳಬೇಕಾಗಿದೆ. ಬೆಂಕಿ, ನೀರು, ಕತ್ತಿ ಈ ಮೂರರ ವಿಷಯದಲ್ಲಿ ಹಿಂದೆ ನಿಂತು ನೋಡುವುದು ಸರಿಯಲ್ಲ. ನಮ್ಮ ಕರಾವಳಿಯಲ್ಲಿ ಹೊಳೆ, ಕಡಲು ಹತ್ತಿರವೇ ಇರುವುದರಿಂದ, ಹೈಕ್‌ನ ದಾರಿಯನ್ನು ಹುಡುಗಿಯರೇ ನಿಶ್ಚಯಿಸಿದರೂ ನೀರಿಗೆ ಇಳಿಯುವ ತೀರ್ಮಾನ ನನ್ನದೇ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ. ಉಳಿದ ಎಲ್ಲವೂ ಅವರದು. ಇಂಥ ಗೆರೆ ಸ್ಪಷ್ಟವಾಗಿದ್ದರೆ ತಾಯಂದಿರು ಶಿಬಿರಕ್ಕೆ ಕಳುಹಿಸಲು ಒಪ್ಪುತ್ತಾರೆ. ಹೆಣ್ಣುಮಕ್ಕಳ ಕಂಪನಿಯಲ್ಲಿ, ಅಂದರೆ ಗೈಡ್ ದಳದಲ್ಲಿ, ಆ ಒಪ್ಪಿಗೆಯೇ ಅರ್ಧ ಕೆಲಸ.

ಇನ್ನೊಂದು ಎಚ್ಚರಿಕೆ. ಹಳೆಯ ಲಾಗ್ ಪುಸ್ತಕಗಳಿಂದ ನಕಲು ಮಾಡುವ ಅಭ್ಯಾಸದಿಂದ ತಪ್ಪು ಪಾಠಗಳೂ ಸಾಗಿ ಬರುತ್ತವೆ. ಹಾವು ಕಚ್ಚಿದರೆ ಮೇಲ್ಭಾಗಕ್ಕೆ ಬಿಗಿಯಾಗಿ ಹಗ್ಗ ಕಟ್ಟಬೇಕು ಎಂದು ನಮ್ಮ ಮಲ್ಲಿಗೆ ಪಟ್ರೋಲಿನ ಹುಡುಗಿ ಅಕ್ಕನ ಪುಸ್ತಕ ನೋಡಿ ಬರೆದಿದ್ದಳು. ಹಾಗೆ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಇಟ್ಟು, ನಡೆಸದೆ, ಆದಷ್ಟು ಬೇಗ ಆಸ್ಪತ್ರೆಗೆ ಒಯ್ಯಬೇಕು. ಆ ವಾರ ಪಟ್ರೋಲ್ ನಾಯಕಿಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ವೈದ್ಯರ ಬಾಯಿಂದಲೇ ಕೇಳಿಸಿದೆ. ಅವರು ಬಂದು ತಮ್ಮ ಪಟ್ರೋಲಿಗೆ, ಆಮೇಲೆ ತಮ್ಮ ಮನೆಗಳಿಗೆ ಹೇಳಿದರು. ತೋಟದಲ್ಲಿ ಕೆಲಸ ಮಾಡುವ ಅಜ್ಜನಿಗೆ ಮೊಮ್ಮಗಳು ಹೇಳಿದ ಮಾತು, ನಾನು ಸಭೆ ಕರೆದು ಹೇಳಿದ್ದಕ್ಕಿಂತ ಚೆನ್ನಾಗಿ ನಾಟಿತು.

ದೊಡ್ಡಬಳ್ಳಾಪುರದ ಸ್ಕೌಟ್ಸ್ ಗೈಡ್ಸ್ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಅವರ ಹೆಸರಿರುವುದರ ಕಾರಣವನ್ನೂ ನಾಯಕಿಯರಿಗೆ ತಪ್ಪದೆ ಹೇಳುತ್ತೇನೆ. ಭಾರತದಲ್ಲಿ ಸ್ಕೌಟಿಂಗ್ 1909ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮೊದಲಾಯಿತಾದರೂ ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಷ್ಟೇ ಇತ್ತು. ಭಾರತೀಯ ಮಕ್ಕಳಿಗಾಗಿ ಬೆಸೆಂಟ್ 1916ರಲ್ಲಿ ಮದರಾಸಿನಲ್ಲಿ ಬೇರೆ ಸಂಘವನ್ನೇ ಕಟ್ಟಿದರು. ಇದನ್ನು ಕೇಳಿದ ಹುಡುಗಿಯರು ಸ್ಕಾರ್ಫ್ ಮಡಿಸುವ ರೀತಿಯೇ ಬದಲಾಗುತ್ತದೆ.

ಪ್ರೌಢಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಈ ಗುರುವಾರ ಮೂವರು ನಾಯಕರನ್ನು ಕರೆದು ಮೊದಲ ಕೋರ್ಟ್ ಆಫ್ ಆನರ್ ನಡೆಸಿದೆ. ಹುಲಿ ಪಟ್ರೋಲಿನ ಹುಡುಗನೇ ಮುಂದಾಗಿ, ತನಗೆ ಗಂಟುಗಳು ಬರುವುದಿಲ್ಲ, ಆನೆ ಪಟ್ರೋಲಿನವನು ಕಲಿಸಿಕೊಡಲಿ ಎಂದು ಹೇಳಿದ. ಅದನ್ನು ಕೇಳಿ ನನಗೆ ಕಣ್ಣು ತುಂಬಿ ಬಂದಿತು. ಜನವರಿಯಲ್ಲಿ ಒಂದು ರಾತ್ರಿಯ ಶಿಬಿರವೆಂದು ಅವರೇ ನಿಶ್ಚಯಿಸಿದ್ದಾರೆ. ನಮ್ಮಲ್ಲಿ ಇಡೀ ದಳಕ್ಕೆ ಇರುವುದು ನಾಲ್ಕೇ ನೈಲಾನ್ ಹಗ್ಗಗಳು. ಅಭ್ಯಾಸಕ್ಕೆ ಯಾವ ಹಗ್ಗ ತರುವುದು ಒಳ್ಳೆಯದು?

ನಿವೃತ್ತ ಸ್ಕೌಟ್ ಮಾಸ್ಟರ್, ದಾವಣಗೆರೆ

ನೈಲಾನ್ ಜಾರುತ್ತದೆ, ಕಲಿಯುವ ಕೈಗೆ ಅದು ಬೇಡ. ಸಂತೆಯಲ್ಲಿ ಸಿಗುವ, ಕಿರುಬೆರಳಿಗಿಂತ ತುಸು ಸಣ್ಣಗಿರುವ ಹತ್ತಿಯ ಹಗ್ಗವನ್ನು ಒಬ್ಬೊಬ್ಬನಿಗೆ ಮೂರು ಮೀಟರಿನಂತೆ ಕತ್ತರಿಸಿ ಕೊಡಿ. ತುದಿ ಬಿಚ್ಚಿಕೊಳ್ಳದಂತೆ ಗಟ್ಟಿ ದಾರ ಸುತ್ತುವುದನ್ನು, ಅಂದರೆ ವಿಪ್ಪಿಂಗ್ ಅನ್ನು, ಮೊದಲ ಪಾಠವಾಗಿ ಇಟ್ಟುಕೊಳ್ಳಿ. ಹಗ್ಗ ಅವನ ಚೀಲದಲ್ಲೇ ಇರಲಿ, ಶಾಲೆಯ ಬೀರುವಿಗೆ ಹೋಗುವುದು ಬೇಡ. ಲ್ಯಾಷಿಂಗ್‌ಗೆ ಬೇಕಾದ ಉದ್ದನೆಯ ಸೆಣಬಿನ ಹಗ್ಗ ಪಟ್ರೋಲಿಗೆ ಆರು ಇದ್ದರೆ ಜನವರಿಯ ಶಿಬಿರಕ್ಕೆ ಸಾಕಾಗುತ್ತದೆ. ಕೊಳ್ಳುವಾಗ ನಾಯಕರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ.