ಶಾಖಾ ಗ್ರಂಥಾಲಯದಲ್ಲಿ ಬಡಾವಣೆಯ ಹಳೇ ಫೋಟೋ ಪ್ರದರ್ಶನ: ಜಾಗ, ಪ್ರಿಂಟು, ವಿವರಣೆ ಬಗ್ಗೆ ಸಲಹೆ ಬೇಕು

ಸಂಪಿಗೆರಸ್ತೆ

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದ ನಮ್ಮ ಓದುಗರ ಬಳಗ ಈ ಸಲ ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಹತ್ತಿರದ ಶಾಖಾ ಗ್ರಂಥಾಲಯದಲ್ಲಿ ಬಡಾವಣೆಯ ಹಳೇ ಫೋಟೋಗಳ ಪ್ರದರ್ಶನ ಇಡಬೇಕೆಂದಿದೆ. ಫೋಟೋ, ಲಗ್ನಪತ್ರಿಕೆ, ಪೋಸ್ಟ್‌ಕಾರ್ಡು, ರೇಷನ್ ಕಾರ್ಡು ಕೊಡಲು ಹಲವು ಮನೆಯವರು ಒಪ್ಪಿದ್ದಾರೆ. ಹಾಲ್ ಚಿಕ್ಕದು. ಎರಡು ಗೋಡೆಗೆ ಸ್ಟೀಲ್ ರ್ಯಾಕು, ಒಂದು ಕಡೆ ಕಿಟಕಿ, ಖಾಲಿ ಗೋಡೆ ಇರುವುದು 20 ಅಡಿ ಮಾತ್ರ. ಡಿಸ್ಟೆಂಪರ್ ಬಳಿದ ಗೋಡೆ, ಮೊಳೆ ಹೊಡೆಯುವಂತಿಲ್ಲ.

ಅನುಮತಿ ಯಾರನ್ನು ಕೇಳಬೇಕು? ಎಷ್ಟು ಫೋಟೋ ಹಿಡಿಸುತ್ತದೆ? ಮೂಲ ಫೋಟೋಗಳನ್ನೇ ಇಡಬಹುದೇ? ಬಹಳಷ್ಟು ಫೋಟೋಗಳಿಗೆ ಇಸವಿಯೇ ಗೊತ್ತಿಲ್ಲ, ಅದಕ್ಕೇನು ಮಾಡುವುದು? ತಿಳಿದವರು ದಯವಿಟ್ಟು ಹೇಳಿ.

ಕಪಾಟು954

ಮೊದಲು ಅನುಮತಿ. ಮನವಿಯನ್ನು ನಿಮ್ಮ ವಲಯದ ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರ ಹೆಸರಿಗೆ ಬರೆಯಿರಿ, ಆದರೆ ಕೊಡುವುದು ನಿಮ್ಮ ಶಾಖೆಯ ಗ್ರಂಥಪಾಲಕರ ಮೂಲಕ. ನೇರವಾಗಿ ಮೇಲಿನ ಕಚೇರಿಗೆ ಹೋದರೆ ಪತ್ರ ಅಭಿಪ್ರಾಯಕ್ಕೆಂದು ಮತ್ತೆ ಶಾಖೆಗೇ ಬರುತ್ತದೆ, ಅಷ್ಟರಲ್ಲಿ ಎರಡು ವಾರ ಹೋಗಿರುತ್ತದೆ. ದಿನಾಂಕ, ವೇಳೆ, ಬಳಸುವ ಜಾಗದ ಒಂದು ಕೈನಕ್ಷೆ, ಪ್ರವೇಶ ಉಚಿತ ಎಂಬ ಮಾತು, ಮಾರಾಟವಾಗಲಿ ಪಕ್ಷದ ಬ್ಯಾನರ್ ಆಗಲಿ ಇರುವುದಿಲ್ಲ ಎಂಬ ಮಾತು, ಗೋಡೆಗೆ ಮೊಳೆ ಇಲ್ಲ ಎಂಬ ಮಾತು ಇಷ್ಟೂ ಒಂದೇ ಪುಟದಲ್ಲಿ ಇರಲಿ. ನಕಲು ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಪ್ತಾಹದಲ್ಲಿ ಇಲಾಖೆಯದೇ ಕಾರ್ಯಕ್ರಮಗಳೂ ಇರುತ್ತವೆ, ಹಾಗಾಗಿ ಸೆಪ್ಟೆಂಬರ್ ಮುಗಿಯುವುದರೊಳಗೆ ಪತ್ರ ತಲುಪಬೇಕು. ಸೋಮವಾರ ಸಾಮಾನ್ಯವಾಗಿ ರಜೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಾಗದ ಲೆಕ್ಕ ಹೀಗೆ. 12×18 ಇಂಚಿನ ಅಡ್ಡ ಪ್ರಿಂಟಿಗೆ ಅಗಲ 18 ಇಂಚು, ಪಕ್ಕದಲ್ಲಿ ವಿವರಣೆಗೂ ಬಿಡುವಿಗೂ 6 ಇಂಚು, ಒಟ್ಟು 2 ಅಡಿ. ನಿಮ್ಮ 20 ಅಡಿ ಗೋಡೆಗೆ 10 ಚಿತ್ರ. ಶಾಮಿಯಾನದವರಲ್ಲಿ 6 ಅಡಿ ಅಗಲದ, ಎರಡೂ ಕಡೆ ಬಳಸಬಹುದಾದ ಸ್ಟ್ಯಾಂಡ್ ಬಾಡಿಗೆಗೆ ಸಿಕ್ಕರೆ ಒಂದೊಂದಕ್ಕೆ 6 ಚಿತ್ರ. ಎರಡು ಸ್ಟ್ಯಾಂಡ್ ಸೇರಿಸಿದರೆ ಒಟ್ಟು 22. ಅದಕ್ಕಿಂತ ಹೆಚ್ಚು ತುರುಕಬೇಡಿ. ರ್ಯಾಕಿನ ಪಕ್ಕದ ತಗಡನ್ನು ಮರೆಯಬೇಡಿ, ಅದಕ್ಕೆ ಮ್ಯಾಗ್ನೆಟ್ ಹಿಡಿಯುತ್ತದೆ. ಎ4 ಹಾಳೆಗೆ ನಾಲ್ಕು ಮೂಲೆಗೆ ನಾಲ್ಕು ಸಾಕು. ಲಗ್ನಪತ್ರಿಕೆ, ರೇಷನ್ ಕಾರ್ಡುಗಳ ಪ್ರತಿಗಳನ್ನೆಲ್ಲ ಅಲ್ಲಿ ಹಾಕಬಹುದು.

ಡಿಸ್ಟೆಂಪರ್ ಗೋಡೆಗೆ ಡಬಲ್ ಸೈಡ್ ಟೇಪ್ ನಿಲ್ಲುವುದಿಲ್ಲ. ಟೇಪು ಹಿಡಿಯುವುದು ಗೋಡೆಯನ್ನಲ್ಲ, ಮೇಲಿನ ಪುಡಿಯನ್ನು. ರಾತ್ರಿ ಎಲ್ಲ ಬಿದ್ದಿರುತ್ತದೆ, ಬಿದ್ದ ಕಡೆ ಬಣ್ಣವೂ ಕಿತ್ತು ಬಂದಿರುತ್ತದೆ. ಗೋಡೆಯ ಒಂದು ತುದಿಯ ಕಿಟಕಿ ಸರಳಿನಿಂದ ಇನ್ನೊಂದು ತುದಿಯ ರ್ಯಾಕಿನ ಕಂಬಕ್ಕೆ ದಪ್ಪ ನೈಲಾನ್ ದಾರ ಬಿಗಿಯಾಗಿ ಕಟ್ಟಿ, ಬೈಂಡರ್ ಕ್ಲಿಪ್ಪಿನಲ್ಲಿ ತೂಗುಹಾಕಿ. ರ್ಯಾಕು ಪುಸ್ತಕ ತುಂಬಿ ಭಾರವಾಗಿರಬೇಕು, ಖಾಲಿ ರ್ಯಾಕಿಗೆ ಕಟ್ಟಬೇಡಿ. ದಾರ 20 ಅಡಿಗೆ ಜೋಲುತ್ತದೆ, ಆದ್ದರಿಂದ ನಡುವೆ ಒಂದು ಸ್ಟ್ಯಾಂಡಿನ ಆಧಾರ ಕೊಡಿ. ಚಿತ್ರದ ನಡುಭಾಗ ನೆಲದಿಂದ 145 ಸೆಂ.ಮೀ. ಎತ್ತರಕ್ಕೆ ಬರಲಿ. ಮಕ್ಕಳಿಗೆಂದು ಇಡುವುದನ್ನು ಇನ್ನೂ ಒಂದಡಿ ಇಳಿಸಿ. ಸ್ಟ್ಯಾಂಡುಗಳ ನಡುವೆ ವೀಲ್‌ಚೇರ್ ತಿರುಗುವಂತೆ 5 ಅಡಿ ದಾರಿ ಬಿಡಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರ ಮೇಜನ್ನೂ ಪರೀಕ್ಷೆಗೆ ಓದುತ್ತ ಕೂರುವ ಹುಡುಗ ಹುಡುಗಿಯರ ಕುರ್ಚಿಗಳನ್ನೂ ತೆಗೆಯಬೇಡಿ. ಗ್ರಂಥಾಲಯ ಇರುವುದು ಅವರಿಗಾಗಿ. ಭಾಷಣ, ಉದ್ಘಾಟನೆ ಏನಿದ್ದರೂ ಹೊರಗಿನ ಅಂಗಳದಲ್ಲಿ ಮಾಡಿ, ಅರ್ಧ ಗಂಟೆಯೊಳಗೆ ಮುಗಿಸಿ.

ಕಪ್ಪುಬಿಳುಪು

ಮೂಲ ಫೋಟೋ ಗೋಡೆಗೆ ಬೇಡವೇ ಬೇಡ. ಎಲ್ಲವೂ ಪ್ರತಿಯೇ ಆಗಿರಲಿ. ನವೆಂಬರಿನಲ್ಲೂ ಬೆಂಗಳೂರಿಗೆ ಹಿಂಗಾರು ಮಳೆ ಇರುತ್ತದೆ, ಗೋಡೆ ತಂಪು ಹೀರುತ್ತದೆ. ಹಳೇ ಕಪ್ಪುಬಿಳುಪು ಫೋಟೋದ ಮೇಲ್ಪದರ ಜೆಲಾಟಿನ್, ತೇವ ಸಿಕ್ಕರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಕಿಟಕಿಯ ಬಿಸಿಲು ಬಣ್ಣದ ಫೋಟೋಗಳನ್ನು ಮಾಸಿಸುತ್ತದೆ. ಕಳುವಿನ ಭಯ ಬೇರೆ.

ಸ್ಕ್ಯಾನಿಂಗ್: 4×6 ಇಂಚಿನ ಫೋಟೋಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ. ಅದನ್ನು 12×18ಕ್ಕೆ ಹಿಗ್ಗಿಸಿದಾಗ ಇಂಚಿಗೆ 200 ಚುಕ್ಕೆ ಉಳಿಯುತ್ತದೆ, ಎರಡಡಿ ದೂರದಿಂದ ನೋಡುವವರಿಗೆ ಸಾಕು. ಬಾಕ್ಸ್ ಕ್ಯಾಮೆರಾದ 2×3 ಇಂಚಿನ ಪುಟ್ಟ ಪ್ರಿಂಟುಗಳಿಗೆ 1200 ಇಡಿ. ಕಪ್ಪುಬಿಳುಪಾದರೂ ಕಲರ್ ಮೋಡಿನಲ್ಲೇ ಮಾಡಿ, ಹಳದಿ ಕಲೆಯನ್ನು ಆಮೇಲೆ ಬೇರ್ಪಡಿಸಲು ಅನುಕೂಲ. ಮೂಲ ಫೈಲು ಟಿಫ್ ಆಗಿರಲಿ, ಒಂದೊಂದು ಸುಮಾರು 25 ಎಂಬಿ ಆಗುತ್ತದೆ. ಅದನ್ನು ಮುಟ್ಟದೆ, ಅದರ ಜೆಪೆಗ್ ಪ್ರತಿಯಲ್ಲಿ ಮಾತ್ರ ತಿದ್ದುಪಡಿ ಮಾಡಿ. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮುದ್ರೆ, ಕೈಬರಹ ಎಲ್ಲ ಅಲ್ಲೇ ಇರುತ್ತದೆ.

ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋ ಎಷ್ಟೋ ಮನೆಗಳಲ್ಲಿ ಇರುತ್ತದೆ. ಕೀಳಬೇಡಿ, ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಇಲ್ಲಿ ಸ್ಕ್ಯಾನರ್ ಯಾವುದು ಎಂಬುದು ಮುಖ್ಯ. ತೆಳ್ಳಗಿನ ಸಿಐಎಸ್ ಸ್ಕ್ಯಾನರು ತನ್ನ ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತದೆ, ಮೂರು ಮಿಲಿಮೀಟರ್ ಮೇಲಿದ್ದರೂ ಮಸುಕು. ದಪ್ಪನೆಯ ಸಿಸಿಡಿ ಸ್ಕ್ಯಾನರ್ ಆದರೆ ತೊಂದರೆಯಿಲ್ಲ. ಆಲ್ಬಮ್ಮಿನ ಕಪ್ಪು ಹಾಳೆಗೆ ಗೋಂದಿನಲ್ಲಿ ಅಂಟಿಸಿದ್ದನ್ನೂ ಕೀಳದೆ ಪುಟವನ್ನೇ ಸ್ಕ್ಯಾನ್ ಮಾಡಿ. ಕೊಳೆ ಕಂಡರೆ ಒಣ ಮೆತ್ತನೆ ಬ್ರಶ್ ಸಾಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೇಲ್ಪದರ ಉಬ್ಬಿ ಎದ್ದುಬರುತ್ತದೆ.

ತೆಗೆದುಕೊಂಡ ಕ್ಷಣವೇ ಹಿಂಭಾಗದ ಮೂಲೆಯಲ್ಲಿ ಪೆನ್ಸಿಲ್‌ನಿಂದ ಮೆಲ್ಲಗೆ ಒಂದು ನಂಬರ್ ಹಾಕಿ. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂದುಗಡೆ ಗೀರಾಗಿ ಕಾಣುತ್ತದೆ. ಅದೇ ನಂಬರಿನಲ್ಲಿ ಒಂದು ರಿಜಿಸ್ಟರ್ ಇಡಿ: ಯಾರ ಮನೆಯದು, ಚಿತ್ರದಲ್ಲಿ ಯಾರಿದ್ದಾರೆ, ಇದನ್ನು ಹೇಳಿದವರು ಯಾರು, ಪ್ರದರ್ಶನಕ್ಕೆ ಒಪ್ಪಿಗೆಯ ಸಹಿ, ವಾಪಸ್ ಪಡೆದ ಸಹಿ. ಚಿತ್ರದಲ್ಲಿರುವವರ ಹೆಸರು ಹಾಕಲು ಒಪ್ಪಿಗೆ ಪ್ರತ್ಯೇಕವಾಗಿ ಕೇಳಿ. ರೇಷನ್ ಕಾರ್ಡಿನ ನಂಬರು, ಮನೆ ವಿಳಾಸಗಳನ್ನು ಪ್ರತಿಯಲ್ಲಿ ಮುಚ್ಚಿಬಿಡಿ.

ಪ್ರಿಂಟನ್ನು 5 ಮಿ.ಮೀ. ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಅಂಟಿಸಿಸಿ. 3 ಮಿ.ಮೀ.ಯದ್ದು ವಾರದೊಳಗೆ ಬಾಗುತ್ತದೆ. ಮ್ಯಾಟ್ ಲ್ಯಾಮಿನೇಷನ್ ಎಂದೇ ಹೇಳಿ. ಗ್ಲಾಸಿ ಮಾಡಿಸಿದರೆ ಟ್ಯೂಬ್‌ಲೈಟಿನ ಪ್ರತಿಬಿಂಬವಷ್ಟೇ ಕಾಣುತ್ತದೆ.

ಒತ್ತಕ್ಷರ

ವಿವರಣೆಯ ಚೀಟಿಗಳನ್ನು ಅಂಗಡಿಗೆ ಕೊಡುವವರು ಇದನ್ನು ಓದಿಕೊಂಡು ಹೋಗಿ. ನೀವು ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತೀರಿ. ಬಹಳಷ್ಟು ಡಿಟಿಪಿ ಅಂಗಡಿಗಳಲ್ಲಿ ಈಗಲೂ 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲೇ ಕೆಲಸ. ಅವರು ನಿಮ್ಮ ಪಠ್ಯವನ್ನು ಹಳೇ ಕೋರೆಲ್‌ಡ್ರಾದಲ್ಲಿ ಅಂಟಿಸಿದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಲ್ಲುತ್ತದೆ. 'ಮಲ್ಲೇಶ್ವರ' ಎಂಬುದು ಅರ್ಧಾಕ್ಷರಗಳ ಸಾಲಾಗುತ್ತದೆ. ಕನ್ವರ್ಟರಿನಲ್ಲಿ ಹಾಕಿದರೆ ಅರ್ಕಾವತ್ತು, ಅಂಕಿಗಳು ಕೈಕೊಡುತ್ತವೆ.

ಆದ್ದರಿಂದ ಚೀಟಿಯನ್ನು ನೀವೇ ಲಿಬ್ರೆಆಫೀಸ್ ಅಥವಾ ವರ್ಡಿನಲ್ಲಿ ಅಂತಿಮ ಅಳತೆಗೆ ಮಾಡಿ, ಫಾಂಟು ಒಳಗೊಂಡ ಪಿಡಿಎಫ್ ಕೊಡಿ, 'ತೆರೆಯಬೇಡಿ, ಇದ್ದ ಹಾಗೇ ಪ್ರಿಂಟ್ ಕೊಡಿ' ಎನ್ನಿ. ಫೋಟೋಶಾಪಿನಲ್ಲೇ ಮಾಡುವುದಾದರೆ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಹಾಕಿಕೊಳ್ಳಬೇಕು.

ಅಕ್ಷರ 24 ಪಾಯಿಂಟಿಗಿಂತ ಕಡಿಮೆ ಬೇಡ, ನೋಡಲು ಬರುವವರಲ್ಲಿ ಅರ್ಧ ಜನ ಕನ್ನಡಕದವರು. ಸಾಲುಗಳ ಅಂತರ ಒಂದೂವರೆ ಪಟ್ಟು ಇರಲಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಒಂದು ಚೀಟಿಗೆ 40 ಪದ ದಾಟಬೇಡಿ. ಎಲ್ಲವನ್ನೂ ಒಟ್ಟಿಗೆ ಪ್ರಿಂಟ್ ಹಾಕಿಸುವ ಮೊದಲು ಒಂದೇ ಒಂದನ್ನು ತೆಗೆಸಿ ಓದಿ ನೋಡಿ.

ಸಂಪಿಗೆರಸ್ತೆ

ಬಹಳ ಉಪಕಾರವಾಯಿತು. ದಾರದ ಉಪಾಯವೂ ಮ್ಯಾಗ್ನೆಟ್ಟೂ ನಮಗೆ ಸರಿಯಾಗಿ ಒದಗುತ್ತವೆ. ಉಳಿದಿರುವುದು ಇಸವಿಯ ಪ್ರಶ್ನೆ. 'ಅಜ್ಜನ ಕಾಲದ್ದು' ಎಂದಷ್ಟೇ ಹೇಳುತ್ತಾರೆ. ಚೀಟಿಯಲ್ಲಿ ಏನು ಬರೆಯುವುದು?

ಹಳೇಕಡತ

ಇದೇ ಪ್ರದರ್ಶನದ ಜೀವ. ಎಲ್ಲಿ, ಯಾವಾಗ, ಯಾರು ಎಂಬುದಿಲ್ಲದ ಫೋಟೋವನ್ನು ಜನ ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ. ಅರ್ಧದಷ್ಟು ಸಮಯವನ್ನು ಇದಕ್ಕೇ ಇಡಿ. ಭೂತಗನ್ನಡಿ ಹಿಡಿದು, ಅಥವಾ ಸ್ಕ್ಯಾನನ್ನು ಹಿಗ್ಗಿಸಿ, ಮುಖಗಳನ್ನು ಬಿಟ್ಟು ಹಿನ್ನೆಲೆ ನೋಡಿ.

ಅಂಗಡಿ ಬೋರ್ಡಿನಲ್ಲಿ ಬೆಲೆ ಆಣೆಯಲ್ಲಿದ್ದರೆ ಬೋರ್ಡು ಬರೆಸಿದ್ದು ಬಹುಮಟ್ಟಿಗೆ 1957ಕ್ಕೆ ಮೊದಲು. ಆ ವರ್ಷ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು. 'ನಯಾಪೈಸೆ' ಎಂದಿದ್ದರೆ ಇನ್ನೂ ಒಳ್ಳೆಯದು, 1964ರ ಜೂನ್‌ನಲ್ಲಿ 'ನಯಾ' ಬಿಟ್ಟುಹೋಯಿತು, ಹಾಗಾಗಿ ಏಳು ವರ್ಷದ ಕಿಂಡಿ ಸಿಗುತ್ತದೆ. ಲಕೋಟೆ, ಲಗ್ನಪತ್ರಿಕೆಯ ವಿಳಾಸ ನೋಡಿ: 'ಬೆಂಗಳೂರು-3' ಎಂದರೆ ಹಳೇ ಅಂಚೆ ವಲಯ, '560003' ಎಂದರೆ 1972ರ ಆಗಸ್ಟ್ 15ರ ನಂತರ, ಆವತ್ತು ಪಿನ್‌ಕೋಡ್ ಶುರುವಾಯಿತು. ಸರ್ಕಾರಿ ಮುದ್ರೆಯಲ್ಲಿ 'ಮೈಸೂರು ರಾಜ್ಯ' ಇದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಸ್ಕೂಟರಿನ ನಂಬರ್ ಪ್ಲೇಟು 'ಕೆಎ' ಎಂದು ಶುರುವಾದರೆ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈಯಲ್ಲಿ ಜಾರಿಗೆ ಬಂದ ಮೇಲಿನದು. ರಸ್ತೆಯಲ್ಲಿ ವಿದ್ಯುತ್ ದೀಪದ ಕಂಬ ಕಂಡರೆ 1905ರ ನಂತರ ಎಂದಷ್ಟೇ ಹೇಳಬಹುದು. ಆ ವರ್ಷ ಆಗಸ್ಟ್‌ನಲ್ಲಿ ನಗರದಲ್ಲಿ ಮೊದಲ ದೀಪ ಹೊತ್ತಿತು, ನಿಮ್ಮ ರಸ್ತೆಗೆ ಬಂದದ್ದು ಆಮೇಲೆ. ಮಲ್ಲೇಶ್ವರ ಬಡಾವಣೆಯೇ 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದದ್ದು, ಅದಕ್ಕಿಂತ ಹಿಂದಿನ ಮನೆ ಎಂದು ಯಾರಾದರೂ ಹೇಳಿದರೆ ಇನ್ನೊಮ್ಮೆ ವಿಚಾರಿಸಿ.

ಈ ಸುಳಿವುಗಳ ಮಿತಿ ನೆನಪಿರಲಿ. ಪಿನ್‌ಕೋಡು, ನಂಬರ್ ಪ್ಲೇಟು 'ಇದಕ್ಕಿಂತ ಹಿಂದಿನದಲ್ಲ' ಎನ್ನುತ್ತವೆ, 'ಇದೇ ವರ್ಷ' ಎನ್ನುವುದಿಲ್ಲ. ಪಿನ್‌ಕೋಡ್ ಇಲ್ಲ ಎಂದ ಮಾತ್ರಕ್ಕೆ 1972ಕ್ಕಿಂತ ಹಿಂದಿನದೂ ಅಲ್ಲ, ಜನ ಹಳೇ ರೂಢಿಯನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಹಳೇ ಬೋರ್ಡನ್ನೂ ಹಾಗೆ, ಅಂಗಡಿಯವರು ತಕ್ಷಣ ಬದಲಿಸಿರುವುದಿಲ್ಲ. ಫೋಟೋದ ಮೂಲೆಯ ಕಿತ್ತಳೆ ಬಣ್ಣದ ತಾರೀಕನ್ನೂ ಕಣ್ಣುಮುಚ್ಚಿ ನಂಬಬೇಡಿ, ಸೆಲ್ ಬದಲಿಸಿದಾಗ ಕ್ಯಾಮೆರಾದ ಗಡಿಯಾರ ತಪ್ಪುತ್ತಿತ್ತು. ಎರಡು ಸುಳಿವು ಒಂದೇ ಕಾಲಕ್ಕೆ ಬೆರಳು ತೋರಿದರೆ ಬರೆಯಿರಿ, ಕಾರಣವನ್ನೂ ಬರೆಯಿರಿ. ಮಾದರಿಗೆ:

"8ನೇ ಅಡ್ಡರಸ್ತೆಯ ಕಿರಾಣಿ ಅಂಗಡಿ. 1957–64ರ ನಡುವೆ ಇರಬಹುದು. ಎಡಗಡೆ ಹಲಗೆಯಲ್ಲಿ ಬೆಲ್ಲದ ಬೆಲೆ ನಯಾಪೈಸೆಯಲ್ಲಿದೆ, ನೋಡಿ."

'ನೋಡಿ' ಎಂದಾಗ ಮಕ್ಕಳು ಬಗ್ಗಿ ಹುಡುಕುತ್ತಾರೆ. ಏನೂ ಗೊತ್ತಾಗದ ಚಿತ್ರಗಳ ಕೆಳಗೆ ಖಾಲಿ ಕಾಗದವನ್ನೂ ದಾರಕ್ಕೆ ಕಟ್ಟಿದ ಪೆನ್ಸಿಲನ್ನೂ ಇಡಿ, ಗೊತ್ತಿರುವವರು ಬರೆಯಲಿ. ಬರೆದವರ ಹೆಸರು ಕೇಳಿ ರಿಜಿಸ್ಟರಿಗೆ ಸೇರಿಸಿ.

ಕಪಾಟು954

ಹಳೇಕಡತ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಪ್ರತಿ ನಾಲ್ಕೈದು ಚಿತ್ರಕ್ಕೊಂದು ಚೀಟಿಯಲ್ಲಿ, ಅದೇ ವಿಷಯದ ಪುಸ್ತಕ ಆ ಗ್ರಂಥಾಲಯದ ಯಾವ ಕಪಾಟಿನಲ್ಲಿದೆ ಎಂದು ಹಾಕಿ. ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ಡ್ಯೂಯಿ ವರ್ಗೀಕರಣ ಇರುವಲ್ಲಿ ಕರ್ನಾಟಕದ ಇತಿಹಾಸಕ್ಕೆ 954.87. ಆ ಪುಸ್ತಕಗಳಲ್ಲಿ ಹತ್ತನ್ನು ಹೊರತೆಗೆದು ಒಂದು ಮೇಜಿನ ಮೇಲೆ ಇಡಲು ಗ್ರಂಥಪಾಲಕರನ್ನು ಕೇಳಿ. ಪಕ್ಕದಲ್ಲೇ ಸದಸ್ಯತ್ವದ ಅರ್ಜಿಗಳಿರಲಿ. ಫೋಟೋ ನೋಡಲು ಮೊದಲ ಸಲ ಒಳಗೆ ಬಂದವರು ಪುಸ್ತಕ ಹಿಡಿದು ಹೊರಗೆ ಹೋಗಬೇಕು, ಗ್ರಂಥಾಲಯದಲ್ಲಿ ಇದನ್ನು ಇಡುವುದೇ ಅದಕ್ಕೆ.

ಮುಗಿದ ಮೇಲೆ ಟಿಫ್ ಫೈಲುಗಳೂ ರಿಜಿಸ್ಟರಿನ ಪ್ರತಿಯೂ ಇರುವ ಒಂದು ಹಾರ್ಡ್‌ಡಿಸ್ಕನ್ನು, ಫೋಟೋ ಕೊಟ್ಟ ಮನೆಯವರ ಒಪ್ಪಿಗೆ ಪಡೆದು, ಶಾಖೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಈ ಒಪ್ಪಿಗೆಯನ್ನೂ ಮೊದಲ ದಿನವೇ ರಿಜಿಸ್ಟರಿನಲ್ಲಿ ಒಂದು ಕಾಲಂ ಮಾಡಿ ಕೇಳಿಬಿಡಿ, ಆಮೇಲೆ ಮನೆಮನೆಗೆ ಮತ್ತೆ ಅಲೆಯುವುದು ತಪ್ಪುತ್ತದೆ.