‘ಬದುಕು ಸಾಕಾಗಿದೆ’ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದರೆ ಅಡ್ಮಿನ್ ಏನು ಮಾಡಬೇಕು?

ಪ್ರಶ್ನೆ (ಅಡ್ಮಿನ್): ಮೇಡಂ, ನಮ್ಮದು ಕಾಲೇಜಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್. ಮೊನ್ನೆ ರಾತ್ರಿ ಒಬ್ಬರು ‘ಬದುಕು ಸಾಕಾಗಿದೆ, ಎಲ್ಲರೂ ಕ್ಷಮಿಸಿ’ ಅಂತ ಹಾಕಿದರು. ಕೆಲವರು ಬುದ್ಧಿ ಹೇಳೋಕೆ ಶುರು ಮಾಡಿದರು. ಈಗ ಅವರ ಅಣ್ಣ ಜೊತೆಗಿದ್ದಾರೆ. ಇಂಥ ಮೆಸೇಜನ್ನು ಡಿಲೀಟ್ ಮಾಡಬೇಕಾ?

ಉತ್ತರ (ಮನೋವೈದ್ಯೆ): ಅಣ್ಣ ಬಂದಿದ್ದು ತುಂಬಾ ಒಳ್ಳೆಯದಾಯಿತು. ಮೊದಲು ಫೋನ್, ಡಿಲೀಟ್ ಆಮೇಲೆ. ಯಾರೂ ಮಾತಾಡಿಸದೆ ಮೆಸೇಜ್ ತೆಗೆದರೆ, ಅವರನ್ನೇ ಗ್ರೂಪಿನಿಂದ ತೆಗೆದರೆ, ‘ನಾನು ಇಲ್ಲಿಗೂ ಬೇಡ’ ಅನಿಸಿಬಿಡುತ್ತದೆ.

ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ ಅಂತ ಕೇಳಿ. ಆಮೇಲೆ ನೇರವಾಗಿ, ‘ಸಾಯಬೇಕು ಅನಿಸ್ತಿದೆಯಾ?’ ಅಂತಲೇ ಕೇಳಿ. ಹೌದು ಅಂದರೆ ವಾದಕ್ಕಿಳಿಯಬೇಡಿ, ಹೇಳೋದನ್ನು ಪೂರ್ತಿ ಕೇಳಿಸಿಕೊಳ್ಳಿ. ‘ಮಕ್ಕಳ ಮುಖ ನೋಡು’ ಅನ್ನೋದು ಬೇಡ. ತಾನು ಎಲ್ಲರಿಗೂ ಭಾರ ಅಂತ ಅವರು ಆಗಲೇ ನೊಂದಿರಬಹುದು. ಹತ್ತಿರದವರು ಯಾರಾದರೂ ತಕ್ಷಣ ಹೋಗಿ ಜೊತೆಗಿರಲಿ. ಕೀಟನಾಶಕ, ಮಾತ್ರೆ ಇದ್ದರೆ ಮನೆಯಿಂದಲೇ ಆಚೆ ಸಾಗಿಸಲಿ. ಆ ತೀವ್ರ ಘಳಿಗೆ ಎಷ್ಟೋ ಸಲ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಅದನ್ನು ದಾಟಿಸಬೇಕು.

ಟೆಲಿ ಮನಸ್ ಸಹಾಯವಾಣಿ 14416. 2022ರಲ್ಲಿ ಶುರುವಾಯಿತು, ನಿಮ್ಹಾನ್ಸ್ ಇದರ ಪ್ರಮುಖ ಕೇಂದ್ರ. ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಏನು ಮಾಡಬೇಕು ಅಂತ ತೋಚದಿದ್ದರೆ ನೀವೂ ಕರೆ ಮಾಡಿ. ಪ್ರಾಣಕ್ಕೆ ಅಪಾಯ ಅನಿಸಿದರೆ ಕಾಯಬೇಡಿ, 112.

ಸದಸ್ಯರೊಬ್ಬರು: ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗಲ್ವಾ? ಪೊಲೀಸ್ ಕೇಸ್ ಭಯವೂ ಇದೆ.

ಉತ್ತರ: ಕೇಳೋದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಇದ್ದದ್ದನ್ನು ಹೇಳಿಕೊಳ್ಳೋಕೆ ದಾರಿ ಆಗುತ್ತದೆ, ಎಷ್ಟೋ ಜನ ಅಲ್ಲೇ ಅತ್ತು ಹಗುರಾಗುತ್ತಾರೆ. ಕೇಸ್ ವಿಷಯಕ್ಕೆ ಬಂದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಚಿಕಿತ್ಸೆ, ಆರೈಕೆ ಕೊಡೋದು ಸರ್ಕಾರದ ಕರ್ತವ್ಯ. ಭಯದಿಂದ ಆಸ್ಪತ್ರೆಗೆ ತಡ ಮಾಡಬೇಡಿ.

ಅಡ್ಮಿನ್: ಹಾಗಾದರೆ ಮೆಸೇಜ್ ಯಾವಾಗ ತೆಗೆಯಲಿ?

ಉತ್ತರ: ಅವರು ಸಿಕ್ಕಿದ ಮೇಲೆ, ಅವರಿಗೆ ಹೇಳಿ ತೆಗೆಯಿರಿ. ವಿಧಾನದ ವಿವರ, ಫೋಟೋ, ವಿಡಿಯೋ ಇದ್ದರೆ ಮಾತ್ರ ಕಾಯಬೇಡಿ. ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರು ಗ್ರೂಪಿನಲ್ಲಿ ಸುಮ್ನೆ ಓದುತ್ತಾ ಇರಬಹುದು. ಒಬ್ಬರು ತೆಗೆಯುತ್ತಿರುವಾಗಲೇ ಇನ್ನೊಬ್ಬರು ಫೋನ್ ಮಾಡಲಿ. ಸ್ಕ್ರೀನ್‌ಶಾಟ್ ಬೇರೆ ಗ್ರೂಪಿಗೆ ಹೋಗದಂತೆ ಗಟ್ಟಿಯಾಗಿ ಹೇಳಿ. ‘ಅವರ ಜೊತೆ ಮಾತಾಡಿದ್ದೇವೆ, ಯಾರಿಗೇ ಕಷ್ಟವಾದರೂ 14416’ ಅಂತ ಬರೆದರೆ ಸಾಕು. ಮರುದಿನ, ಮುಂದಿನ ವಾರ ಮತ್ತೆ ಫೋನ್ ಮಾಡಿ. ಈ ಕೆಲಸ ನೀವೊಬ್ಬರೇ ಹೊರಬೇಡಿ, ಇಬ್ಬರು ಮೂವರು ಅಡ್ಮಿನ್‌ಗಳು ಹಂಚಿಕೊಳ್ಳಿ.